ಬಳ್ಳಾರಿ ಮನೆಗೆ ಹೊಸ ಗಾಳಿ ತರುವ ಎಚ್‌ಆರ್‌ವಿ ಕೂಡಿಸಿದ್ದು: ನನ್ನ ಅನುಭವ

ಬಳ್ಳಾರಿಯಲ್ಲಿ ನಮ್ಮ ಮನೆ ಇರುವುದು ಹೊಸಪೇಟೆ ರಸ್ತೆ ಕಡೆ. ಲಾರಿ ಓಡಾಟ ಜಾಸ್ತಿ. ಬೆಳಿಗ್ಗೆ ಕಿಟಕಿ ಕಟ್ಟೆ ಒರೆಸಿದರೆ ಸಂಜೆಗೆ ಮತ್ತೆ ಕೆಂಪು ಪುಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಒಂದಷ್ಟು ಕಾಲ ಕಡಿಮೆ ಇತ್ತು. ಆಮೇಲೆ ಮತ್ತೆ ಅದೇ. ಹೀಗಾಗಿ ಕಿಟಕಿ ಮುಚ್ಚಿಡುವುದು ಮನೆಯವರಿಗೆಲ್ಲ ಅಭ್ಯಾಸವಾಗಿಬಿಟ್ಟಿತ್ತು. ಎರಡು ಮಲಗುವ ಕೋಣೆಗೂ ಎಸಿ ಬಂದ ಮೇಲಂತೂ ಮಾರ್ಚ್‌ನಿಂದ ಜೂನ್‌ವರೆಗೆ ಕಿಟಕಿ ತೆಗೆದದ್ದೇ ಇಲ್ಲ.

ತೊಂದರೆ ಶುರುವಾದದ್ದು ಅಲ್ಲಿಂದ. ಬೆಳಿಗ್ಗೆ ಎದ್ದರೆ ತಲೆ ಭಾರ, ಕೋಣೆಯಲ್ಲಿ ಒಂಥರಾ ಮುಗ್ಗಲು ವಾಸನೆ. ಗೋಡೆಗೆ ಹಾಕುವ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ, ಕೋಣೆಯ ಗಾಳಿಯನ್ನೇ ಎಳೆದು ತಣ್ಣಗೆ ಮಾಡಿ ವಾಪಸ್ ಬಿಡುತ್ತದೆ. ಕಾರ್ಖಾನೆಯಲ್ಲಿ ಧೂಳು ಹಿಡಿಯುವ ಬ್ಯಾಗ್ ಫಿಲ್ಟರ್, ಗಾಳಿ ಊದುವ ಬ್ಲೋವರ್ ನೋಡಿಕೊಳ್ಳುವ ನನಗೆ ಇದು ಹೊಳೆಯಲು ಮೂರು ಬೇಸಿಗೆ ಬೇಕಾಯಿತು ಎನ್ನುವುದು ನಾಚಿಕೆಯ ಮಾತೇ. ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತರಿಸಿ ತಲೆದಿಂಬಿನ ಹತ್ತಿರ ಇಟ್ಟೆ. ರಾತ್ರಿ 10ಕ್ಕೆ 700 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 700 ಪಾಲು) ಇದ್ದದ್ದು ಬೆಳಿಗ್ಗೆ 5ಕ್ಕೆ 2,600. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಕೋಣೆಯಲ್ಲಿ 1,000 ದಾಟಬಾರದು ಎನ್ನುವುದು ರೂಢಿಯ ಲೆಕ್ಕ.

ಹೊರಗಿನ ಗಾಳಿ ಬೇಕು, ಧೂಳು ಬೇಡ, ಎಸಿಯ ತಂಪೂ ಹೋಗಬಾರದು. ಮೂರೂ ಒಟ್ಟಿಗೆ ಬೇಕೆಂದು ಹುಡುಕಿದಾಗ ಸಿಕ್ಕಿದ್ದು ಎಚ್‌ಆರ್‌ವಿ, ಅಂದರೆ ಹೀಟ್ ರಿಕವರಿ ವೆಂಟಿಲೇಟರ್. ಪೆಟ್ಟಿಗೆಯೊಳಗೆ ಎರಡು ಫ್ಯಾನ್. ಒಂದು ಹೊರಗಿನ ಗಾಳಿ ಒಳಗೆ ತರುತ್ತದೆ, ಇನ್ನೊಂದು ಒಳಗಿನದನ್ನು ಹೊರಗೆ ಹಾಕುತ್ತದೆ. ನಡುವೆ ಕೋರ್. ಹಪ್ಪಳ ಜೋಡಿಸಿಟ್ಟ ಹಾಗೆ ತೆಳು ಪ್ಲಾಸ್ಟಿಕ್ ಹಾಳೆಗಳು. ಒಂದು ಸಂದಿಯಲ್ಲಿ ಬರುವ ಗಾಳಿ, ಪಕ್ಕದ ಸಂದಿಯಲ್ಲಿ ಹೋಗುವ ಗಾಳಿ. ಎರಡೂ ಬೆರೆಯುವುದಿಲ್ಲ, ಬಿಸಿ ಮಾತ್ರ ಹಾಳೆ ದಾಟುತ್ತದೆ.

ಇದು ಹುಟ್ಟಿ ಬೆಳೆದದ್ದು ಚಳಿ ದೇಶಗಳಲ್ಲಿ. 1977ರಲ್ಲಿ ಕೆನಡಾದ ರೆಜೈನಾದಲ್ಲಿ ಕಟ್ಟಿದ ಸಸ್ಕಾಚೆವಾನ್ ಕನ್ಸರ್ವೇಶನ್ ಹೌಸ್ ಎಂಬ ಮನೆಯಲ್ಲಿ ಇಂಥದ್ದೊಂದನ್ನು ಹಾಕಿದ್ದರು. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವ ಊರು ಅದು. ಅಲ್ಲಿ ಉಳಿಸಬೇಕಾದ್ದು ಬಿಸಿ, ನಮ್ಮಲ್ಲಿ ಉಳಿಸಬೇಕಾದ್ದು ತಂಪು. ಅಷ್ಟೇ ತಾನೆ, ಯಂತ್ರ ತಿರುವು ಮುರುವು ಕೆಲಸ ಮಾಡುತ್ತದೆ ಅಂದುಕೊಂಡೆ. ಯಂತ್ರವೇನೋ ಮಾಡುತ್ತದೆ. ಅದರ ಜೊತೆ ಬರುವ ನಕ್ಷೆ ಮಾತ್ರ ನಮ್ಮ ಮನೆಗೆ ಕೂಡುವುದಿಲ್ಲ.

ಚಳಿ ದೇಶದ ನಕ್ಷೆಯಲ್ಲಿ ಹೊಸ ಗಾಳಿಯನ್ನು ಮಲಗುವ ಕೋಣೆಗೆ ಬಿಡುತ್ತಾರೆ, ಹಳೆ ಗಾಳಿಯನ್ನು ಬಚ್ಚಲು, ಅಡುಗೆ ಮನೆ ಕಡೆಯಿಂದ ಎಳೆಯುತ್ತಾರೆ. ಅಲ್ಲಿ ಇಡೀ ಮನೆ ಬೆಚ್ಚಗಿರುತ್ತದೆ, ಎಲ್ಲಿಂದ ಎಳೆದರೂ ಒಂದೇ. ನಮ್ಮಲ್ಲಿ ತಣ್ಣಗಿರುವುದು ಬಾಗಿಲು ಹಾಕಿದ ಕೋಣೆ ಒಂದೇ. ಹಾಲ್ 34 ಡಿಗ್ರಿ ಇರುತ್ತದೆ. ಹಾಲ್‌ನಿಂದ ಗಾಳಿ ಎಳೆದರೆ ಕೋರ್‌ಗೆ ಹೋಗುವುದು ಬಿಸಿ ಗಾಳಿ, ಉಳಿಸಲು ತಂಪೇ ಇರುವುದಿಲ್ಲ. ಪುಣ್ಯಕ್ಕೆ ಇದು ಕಾಗದದ ಮೇಲೆ ಗೆರೆ ಹಾಕುವಾಗಲೇ ಗೊತ್ತಾಯಿತು. ಹೊಸ ಗಾಳಿ ಬಿಡುವುದು ಎಸಿ ಕೋಣೆಗೇ, ಹಳೆಯದನ್ನು ಎಳೆಯುವುದೂ ಅಲ್ಲಿಂದಲೇ, ಒಂದು ಮೂಲೆಯಲ್ಲಿ ಬಿಟ್ಟು ಎದುರು ಮೂಲೆಯಲ್ಲಿ ಎಳೆಯುವುದು ಎಂದು ತೀರ್ಮಾನಿಸಿದೆ. ಅಡುಗೆ ಮನೆಯ ಚಿಮಣಿಯನ್ನು ಇದಕ್ಕೆ ಸೇರಿಸುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಒಗ್ಗರಣೆಯ ಜಿಡ್ಡು ಕೋರ್‌ಗೆ ಹತ್ತಿದರೆ ಮುಗಿಯಿತು.

ಎಷ್ಟು ದೊಡ್ಡದು ಬೇಕು? ಆಶ್ರೇ ಎಂಬ ಅಮೆರಿಕದ ಎಂಜಿನಿಯರುಗಳ ಸಂಘದ ಲೆಕ್ಕವೊಂದಿದೆ: ತಲೆಗೆ 7.5 ಸಿಎಫ್‌ಎಂ, ಮೇಲೆ ಪ್ರತಿ 100 ಚದರ ಅಡಿಗೆ 3. ಸಿಎಫ್‌ಎಂ ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ. ನಾವು ನಾಲ್ಕು ಜನ, ಮನೆ 1,000 ಚದರ ಅಡಿ. 30ಕ್ಕೆ 30 ಸೇರಿ 60 ಸಿಎಫ್‌ಎಂ, ಅಂದರೆ ಗಂಟೆಗೆ ಸುಮಾರು 100 ಘನ ಮೀಟರ್. ಒಂದೊಂದು ಕೋಣೆಗೆ 30.

ತೇವವನ್ನೂ ದಾಟಿಸುವ ಇಆರ್‌ವಿ ಎಂಬ ಇನ್ನೊಂದು ಜಾತಿಯಿದೆ. ಮಂಗಳೂರಿನಲ್ಲಿದ್ದಿದ್ದರೆ ಕಣ್ಣು ಮುಚ್ಚಿ ಅದನ್ನೇ ತರುತ್ತಿದ್ದೆ. ನಮ್ಮದು ಒಣ ಹವೆ, ಮಳೆಗಾಲ ಚಿಕ್ಕದು. ಮುಖ್ಯವಾಗಿ ಅದರ ಕಾಗದದಂಥ ಕೋರ್ ಅನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಲಾಗುವುದಿಲ್ಲ. ಕೆಂಪು ಧೂಳಿನ ಊರಲ್ಲಿ ತೊಳೆಯಲಾಗದ್ದನ್ನು ತಂದು ಏನು ಮಾಡಲಿ?

ಬಚ್ಚಲು ಮನೆಯ ಅಟ್ಟದ ಮೇಲೆ ಪೆಟ್ಟಿಗೆ ಕೂಡಿಸಿದೆ. ಅದರ ಗೋಡೆಯೇ ಹೊರಗೋಡೆ. 9 ಇಂಚಿನ ಇಟ್ಟಿಗೆ ಗೋಡೆಗೆ ಕೋರ್ ಕಟಿಂಗ್ ಮಾಡುವವರನ್ನು, ಅಂದರೆ ಯಂತ್ರದಲ್ಲಿ ದುಂಡಗೆ ತೂತು ಕೊರೆಯುವವರನ್ನು, ಕರೆಸಿ 5 ಇಂಚಿನ ಎರಡು ತೂತು ಹೊಡೆಸಿದೆ. ಬೀಮ್, ಪಿಲ್ಲರ್ ಎಲ್ಲಿವೆ, ಗೋಡೆಯೊಳಗಿನ ವೈರ್ ಎಲ್ಲಿ ಹೋಗಿದೆ ಎಂದು ಮೊದಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದೆ. ತೂತು ಹೊರಗಡೆಗೆ ಅರ್ಧ ಇಂಚು ಇಳಿಜಾರು ಇರಬೇಕು, ಇಲ್ಲದಿದ್ದರೆ ಮಳೆ ನೀರು ಒಳಗೆ ಬರುತ್ತದೆ. ಹೊರಗಿನ ಗಾಳಿ ಎಳೆಯುವ ಬಾಯಿ ಉತ್ತರದ ನೆರಳಿನಲ್ಲಿ, ಸಜ್ಜಾದ ಕೆಳಗೆ. ಹಳೆ ಗಾಳಿ ಬಿಡುವ ಬಾಯಿ ಅಲ್ಲಿಂದ 10 ಅಡಿ ದೂರ. ಎಸಿಯ ಹೊರಗಿನ ಪೆಟ್ಟಿಗೆ ಹತ್ತಿರ ಇರಬಾರದು, ಅದು ಉಗುಳುವ ಬಿಸಿಯನ್ನೇ ಕುಡಿದ ಹಾಗಾಗುತ್ತದೆ. ಬಾಯಿಗೆ ಸೊಳ್ಳೆ ಜಾಲರಿ ಹಾಕಬೇಡಿ, ವಾರಕ್ಕೇ ಕಟ್ಟಿಕೊಳ್ಳುತ್ತದೆ. ಪಾರಿವಾಳ ನುಗ್ಗದ ಹಾಗೆ ಅರ್ಧ ಇಂಚಿನ ಕಬ್ಬಿಣದ ಜಾಲರಿ ಸಾಕು. ಧೂಳು ಹಿಡಿಯುವುದು ಫಿಲ್ಟರ್ ಕೆಲಸ.

ತೂತು ಹೊಡೆಯುವ ದಿನ ಅವ್ವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳು ಬೆಳೆದದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. "ಮನಿ ಕಟ್ಟುವಾಗ ಬೆಳಕಿಂಡಿ ಬ್ಯಾಡ ಅಂದಿ. ಈಗ ರೊಕ್ಕ ಕೊಟ್ಟು ಗ್ವಾಡಿಗೆ ತೂತು ಹೊಡಸಾಕತ್ತಿ" ಎಂದಳು. ಕೋರ್ ಕಟಿಂಗ್ ಹುಡುಗ ನಕ್ಕ. ನಾನು ಉತ್ತರ ಕೊಡಲಿಲ್ಲ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಪೈಪು ಮನೆಯೊಳಗೆ ಕಾಣಬಾರದೆಂದು ಪ್ಲಂಬರ್ ಅದನ್ನು ತಾರಸಿ ಮೇಲಿಂದ ಎಳೆಯೋಣ ಎಂದ. ನಾನೂ ಹೂಂ ಅಂದೆ. 4 ಇಂಚಿನ ಪಿವಿಸಿ ಪೈಪ್, 20 ಅಡಿ ಬಿಸಿಲಲ್ಲೇ ಓಡಿತು. ಏಪ್ರಿಲ್‌ನ ಒಂದು ಮಧ್ಯಾಹ್ನ ಥರ್ಮಾಮೀಟರ್ ಹಿಡಿದು ಕೂತೆ. ಹೊರಗೆ 41. ಕೋಣೆಯಿಂದ ಹೊರಟ ಗಾಳಿ 27. ಪೆಟ್ಟಿಗೆಯಿಂದ ಹೊರಬಿದ್ದ ಹೊಸ ಗಾಳಿ 31. ಇದ್ದ ವ್ಯತ್ಯಾಸ 14 ಡಿಗ್ರಿ, ಇಳಿದದ್ದು 10. ನೂರಕ್ಕೆ 71, ಯಂತ್ರದ ಕೆಲಸ ಚೆನ್ನಾಗಿತ್ತು. ಆದರೆ ಮಲಗುವ ಕೋಣೆಯ ಜಾಲರಿಯಲ್ಲಿ ಬರುತ್ತಿದ್ದದ್ದು 36! ಕೋರ್ ಉಳಿಸಿಕೊಟ್ಟದ್ದರಲ್ಲಿ ಅರ್ಧವನ್ನು ತಾರಸಿ ತಿಂದುಹಾಕಿತ್ತು.

ಎಲ್ಲ ಬಿಚ್ಚಿಸಿ ಅಟ್ಟದ ಮೇಲಿಂದ, ಪಡಸಾಲೆಯ ಫಾಲ್ಸ್ ಸೀಲಿಂಗ್ ಒಳಗಿಂದ ಮತ್ತೆ ಎಳೆಸಿದೆ. ಯಾವ ಪೈಪಿಗೆ ಇನ್ಸುಲೇಷನ್ ಬೇಕು ಎಂಬುದರಲ್ಲೂ ಗೊಂದಲ ಇತ್ತು. ನಾಲ್ಕು ಪೈಪುಗಳಲ್ಲಿ ಗೋಡೆಯ ಬಾಯಿಗೂ ಪೆಟ್ಟಿಗೆಗೂ ನಡುವಿನ ಎರಡಕ್ಕೆ ಮೊದಲು ಬೇಕು. 41 ಡಿಗ್ರಿ ಗಾಳಿ ಮನೆಯೊಳಗೆ ಓಡಾಡುವುದು ಅಲ್ಲೇ. ಅದಕ್ಕೇ ಪೆಟ್ಟಿಗೆ ಹೊರಗೋಡೆಗೆ ಅಂಟಿಕೊಂಡಿದ್ದರೆ ಒಳ್ಳೆಯದು, ಆ ತುಂಡುಗಳು ಗಿಡ್ಡವಾಗುತ್ತವೆ. ಕೋಣೆ ಕಡೆಯ ಎರಡರಲ್ಲಿ, ಬಿಸಿ ಪಡಸಾಲೆಯ ಮೇಲೆ ಹಾಯುವ ಭಾಗಕ್ಕೆ ಸುತ್ತಿದರೆ ಸಾಕು. ನಾನು ಎಸಿ ಪೈಪಿಗೆ ಹಾಕುವ ಕಪ್ಪು ನೈಟ್ರೈಲ್ ರಬ್ಬರ್ ಹಾಳೆಯನ್ನೇ, 19 ಮಿಲಿಮೀಟರಿನದು, ಸುತ್ತಿದೆ.

ಆಮೇಲೆ ಗಾಳಿ ಅಳೆಯುವ ಕೆಲಸ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. 100 ಲೀಟರ್ ಎಂದು ಬರೆದ ಕಸದ ಚೀಲ ತಂದು, ಹಿಂಡಿ ಗಾಳಿ ತೆಗೆದು, ಜಾಲರಿಗೆ ಬಾಯಿ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 7 ಸೆಕೆಂಡಿಗೆ ತುಂಬಿದರೆ 30 ಸಿಎಫ್‌ಎಂ. ಅವ್ವ, ಮಗಳು ಮಲಗುವ ಕೋಣೆಯಲ್ಲಿ 6 ಸೆಕೆಂಡ್, ನಮ್ಮದರಲ್ಲಿ 11. ನಮ್ಮ ಪೈಪಿಗೆ 90 ಡಿಗ್ರಿಯ ಎರಡು ಎಲ್ಬೋ ಇದ್ದವು. ಒಂದೊಂದರ ಜಾಗದಲ್ಲೂ 45ರ ಎರಡೆರಡು ಹಾಕಿದೆ, ಅವ್ವನ ಕೋಣೆ ಕಡೆಯ ಡ್ಯಾಂಪರ್, ಅಂದರೆ ಪೈಪಿನೊಳಗೆ ಗಾಳಿ ತಡೆಯುವ ತಗಡು, ಸ್ವಲ್ಪ ಮುಚ್ಚಿದೆ. ಎರಡೂ 7ರ ಹತ್ತಿರ ಬಂದವು. ಕೋಣೆಯ ಗಾಳಿ ಎಳೆಯುವ ಫ್ಯಾನನ್ನು ಒಂದು ಚೂರು ಕಡಿಮೆ ಇಟ್ಟೆ. ಆಗ ಕೋಣೆಯೊಳಗೆ ಒತ್ತಡ ತುಸು ಹೆಚ್ಚಿರುತ್ತದೆ, ಬಾಗಿಲ ಸಂದಿಯಿಂದ ಧೂಳು ಒಳಗೆ ಬರುವುದಿಲ್ಲ. ಚಳಿ ದೇಶದಲ್ಲಿ ಹೀಗೆ ಮಾಡಿದರೆ ಒಳಗಿನ ತೇವ ಗೋಡೆಗೆ ನುಗ್ಗಿ ಕೊಳೆಯುತ್ತದೆಂದು ಬೇಡ ಅನ್ನುತ್ತಾರೆ. ನಮಗೆ ಆ ಭಯವಿಲ್ಲ. ಬಾಗಿಲ ಕೆಳಗೆ ಊದಿನಕಡ್ಡಿ ಹಿಡಿದರೆ ಹೊಗೆ ಹೊರಗೆ ಬಾಗಬೇಕು, ಅದೇ ಪರೀಕ್ಷೆ.

ಫಿಲ್ಟರ್ ವಿಷಯದಲ್ಲಿ ಮಾತ್ರ ನನ್ನ ಕಾರ್ಖಾನೆ ಬುದ್ಧಿ ಉಪಯೋಗಕ್ಕೆ ಬಂತು. ಯಂತ್ರದ ಪುಸ್ತಕದಲ್ಲಿ ಮೂರು ತಿಂಗಳಿಗೊಮ್ಮೆ ಬದಲಿಸಿ ಎಂದಿತ್ತು. ಅದನ್ನು ಬರೆದವರು ಮೇ ತಿಂಗಳಲ್ಲಿ ನಮ್ಮ ರಸ್ತೆಗೆ ಬಂದಿಲ್ಲ. ಹೊರಗಡೆಯೇ, ಭುಜದ ಎತ್ತರದಲ್ಲಿ ಒಂದು ತಗಡಿನ ಡಬ್ಬ ಮಾಡಿಸಿದೆ. ಅದರಲ್ಲಿ ಮೊದಲು ತೊಳೆಯಬಹುದಾದ ನೈಲಾನ್ ಫಿಲ್ಟರ್, ಹಿಂದೆ ಸಣ್ಣ ಧೂಳು ಹಿಡಿಯುವ ಎಫ್7 ದರ್ಜೆಯ ಫಿಲ್ಟರ್. ಏಣಿ ಹತ್ತಬೇಕಾದ ಜಾಗದಲ್ಲಿ ಇಟ್ಟಿದ್ದರೆ ನಾನೇ ತೊಳೆಯುತ್ತಿರಲಿಲ್ಲ. ಕಟ್ಟಿಕೊಂಡಿದೆಯೋ ಇಲ್ಲವೋ ತಿಳಿಯಲು ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಒಂದು ಗಜ ತಂದೆ. ಕುಂಕುಮ ಕದಡಿದ ನೀರು ತುಂಬಿ, ಒಂದು ತುದಿ ಫಿಲ್ಟರ್ ಮುಂದೆ, ಇನ್ನೊಂದು ಹಿಂದೆ. ಎರಡು ಕಡೆಯ ನೀರಿನ ಎತ್ತರದ ವ್ಯತ್ಯಾಸವೇ ಫಿಲ್ಟರಿನ ಅಡ್ಡಿ. 1 ಮಿಲಿಮೀಟರ್ ಅಂದರೆ ಸುಮಾರು 10 ಪಾಸ್ಕಲ್ ಒತ್ತಡ. ಹೊಸದರಲ್ಲಿ 5 ಮಿಲಿಮೀಟರ್ ಇರುತ್ತದೆ, 12 ಬಂದರೆ ತೊಳೆಯುವುದು. ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಷ್ಟ, ಅದಕ್ಕೆ ಪೈಪನ್ನು ಓರೆಯಾಗಿ ಕೂಡಿಸಿದ್ದೇನೆ. ನೀರು ಹೆಚ್ಚು ದೂರ ಸರಿಯುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೊಳೆತ. ಬಕೆಟ್ ನೀರು ಕಾವಿ ಬಣ್ಣಕ್ಕೆ ತಿರುಗುತ್ತದೆ. ಮೊದಲ ಸಲ ಅದನ್ನು ನೋಡಿ ನನ್ನ ಹೆಂಡತಿ ಸುಮ್ನೆ ನಿಂತುಬಿಟ್ಟಳು. ಅಷ್ಟು ದಿನ ಅದೆಲ್ಲ ಹೋಗುತ್ತಿದ್ದದ್ದು ಎಲ್ಲಿಗೆ, ಅಲ್ವಾ?

ರಾತ್ರಿಯದು ಇನ್ನೊಂದು ಕಥೆ. ಎಸಿ ಹಾಕದ ದಿನ ತಾರಸಿಯ ಕಾಂಕ್ರೀಟ್ ಹಗಲಿನ ಬಿಸಿಯನ್ನು ರಾತ್ರಿ ಒಳಗೆ ಬಿಡುತ್ತದೆ. 11 ಗಂಟೆಗೆ ಹೊರಗೆ 31, ಕೋಣೆಯಲ್ಲಿ 35. ಆಗ ಈ ಪುಣ್ಯಾತ್ಮ ಏನು ಮಾಡುತ್ತಾನೆ? ಬರುವ ತಂಪು ಗಾಳಿಗೆ ಕೋಣೆಯ ಬಿಸಿಯನ್ನು ಹಚ್ಚಿ ವಾಪಸ್ ಕೊಡುತ್ತಾನೆ. ಅವನು ಕಲಿತದ್ದೇ ಅದು. ದುಬಾರಿ ಯಂತ್ರಗಳಲ್ಲಿ ಇದಕ್ಕೆ ಬೈಪಾಸ್ ಇರುತ್ತದೆ, ಗಾಳಿ ಕೋರ್ ತಪ್ಪಿಸಿ ಬರುತ್ತದೆ. ನನ್ನದರಲ್ಲಿ ಇಲ್ಲ. ನಾನು ಎರಡು ಫ್ಯಾನ್‌ಗೂ ಬೇರೆ ಬೇರೆ ಸ್ವಿಚ್ ಮಾಡಿದೆ. ಅಂಥ ರಾತ್ರಿ ಎಳೆಯುವ ಫ್ಯಾನ್ ಬಂದ್, ತರುವ ಫ್ಯಾನ್ ಮಾತ್ರ ಚಾಲೂ, ಬಚ್ಚಲಿನ ವೆಂಟಿಲೇಟರ್ ತೆರೆದದ್ದು. ಒಂದೇ ಕಡೆ ಗಾಳಿ ಹರಿದರೆ ಬಿಸಿ ದಾಟಲು ಜೊತೆಯೇ ಇರುವುದಿಲ್ಲ. ವಾರಂಟಿ ಹೋಯಿತು, ನಿದ್ದೆ ಬಂತು. ನೀವು ಕೊಳ್ಳುವುದಾದರೆ ಬೈಪಾಸ್ ಇರುವುದನ್ನೇ ಕೊಳ್ಳಿ.

ಈಗ ಬೆಳಿಗ್ಗೆ 5ಕ್ಕೆ ಮೀಟರ್ 900ರ ಆಸುಪಾಸು ತೋರಿಸುತ್ತದೆ. ತಲೆಭಾರ ಇಲ್ಲ.

ಕರೆಂಟ್ ಬಿಲ್ ಇಳಿಯುತ್ತದೆಂದು ಇದನ್ನು ಹಾಕಿಸಲು ಹೋಗಬೇಡಿ. ಗಂಟೆಗೆ 100 ಘನ ಮೀಟರ್ ಗಾಳಿಯನ್ನು 14 ಡಿಗ್ರಿ ಇಳಿಸಲು ಸುಮಾರು 470 ವ್ಯಾಟ್ ತಂಪು ಬೇಕು. ಕೋರ್ ಅದರಲ್ಲಿ 330 ಉಳಿಸುತ್ತದೆ. ಎಸಿ ಒಂದು ವ್ಯಾಟ್ ಕರೆಂಟಿಗೆ ಮೂರು ವ್ಯಾಟ್ ತಂಪು ಕೊಡುತ್ತದೆ ಎಂದಿಟ್ಟುಕೊಂಡರೆ ನಿಜವಾಗಿ ಉಳಿದದ್ದು 110 ವ್ಯಾಟ್. ಅದರಲ್ಲಿ ಫ್ಯಾನ್‌ಗಳೇ 60 ತಿನ್ನುತ್ತವೆ. ಮಿಕ್ಕದ್ದು 50 ವ್ಯಾಟ್, ಅದೂ ಮಟಮಟ ಮಧ್ಯಾಹ್ನ. ಫ್ಯಾನ್ ದಿನವಿಡೀ ಓಡಿದರೆ ತಿಂಗಳಿಗೆ 43 ಯೂನಿಟ್. ನಾನು ರೊಕ್ಕ ಕೊಟ್ಟದ್ದು ಗಾಳಿಗೆ.

ಪಕ್ಕದ ಮನೆಯವರು ಬಂದು ನೋಡಿ, "ಅಣ್ಣಾ, ನಮಗೂ ಒಂದು ಹಾಕಿಸಿಕೊಡಿ" ಎಂದರು. ಅವರ ಮನೆಯಲ್ಲಿ ಎಸಿ ಇಲ್ಲ, ಕಿಟಕಿಗೆ ಕೂಡಿಸಿದ ದೊಡ್ಡ ಕೂಲರ್ ಇದೆ. ಕೂಲರ್ ಹೊರಗಿನ ಗಾಳಿಯನ್ನೇ ಒದ್ದೆ ಹುಲ್ಲಿನ ಮೂಲಕ ಎಳೆದು ತಂದು ಸುರಿಯುತ್ತದೆ, ಎದುರಿನ ಕಿಟಕಿ ತೆರೆದಿದ್ದರೆ ತಾನೇ ಅದು ಕೆಲಸ ಮಾಡುವುದು. ಅಲ್ಲಿ ನನ್ನ ಪೆಟ್ಟಿಗೆಗೆ ಮಾಡಲು ಏನೂ ಕೆಲಸವಿಲ್ಲ. ಬೇಡ ಎಂದು ಹೇಳಿ, ಕೂಲರ್ ಹುಲ್ಲು ಬದಲಿಸಲು ಹೇಳಿ ಕಳಿಸಿದೆ. ಅವರಿಗೆ ಅಷ್ಟು ಸಮಾಧಾನ ಆದ ಹಾಗೆ ಕಾಣಲಿಲ್ಲ.