ಪೆಟ್ಟಿಗೆ ಕಟ್ಟಿದಾಗ ಒಂದು ಬೈಕ್, ಬಿಚ್ಚಿದಾಗ ಇನ್ನೊಂದು

ನನ್ನ ಬೈಕಿನ ಹಿಂಭಾಗದ ಎಡಬಲಕ್ಕೆ ಕಟ್ಟುವ ಎರಡು ಅಲ್ಯೂಮಿನಿಯಂ ಸಾಮಾನು ಪೆಟ್ಟಿಗೆಗಳು ವರ್ಷದ ಹೆಚ್ಚಿನ ಕಾಲ ಮನೆಯ ಮೂಲೆಯಲ್ಲೇ ಇರುತ್ತವೆ. ಡಾಂಬರು ರಸ್ತೆಯಲ್ಲೇ ಸಾಗುವ ದೂರದ ಪ್ರಯಾಣವಿದ್ದರೆ ಮಾತ್ರ ಅವುಗಳನ್ನು ಹೊರಗೆ ತೆಗೆಯುತ್ತೇನೆ. ಅಷ್ಟು ದುಡ್ಡು ಸುರಿದು ಮೂಲೆಗಿಡುವುದೇಕೆ ಎಂದು ಕೇಳುವವರಿದ್ದಾರೆ. ಎಷ್ಟು ಸಾಮಾನು ಹಿಡಿಯುತ್ತದೆ ಎಂಬುದನ್ನು ನೋಡಿ ನಾನು ಪೆಟ್ಟಿಗೆ ಕಟ್ಟುವುದಿಲ್ಲ, ಹೋಗುವ ದಾರಿ ಎಂಥದ್ದು ಎಂದು ನೋಡಿ ಕಟ್ಟುತ್ತೇನೆ.

ಮೊದಲ ತಕರಾರು ಅಗಲದ್ದು. ಸಂದಿಯಲ್ಲಿ ನುಗ್ಗುವಾಗ ನಮ್ಮ ಕಣ್ಣು ಅಳೆಯುವುದು ಹ್ಯಾಂಡಲ್ಲನ್ನು. ಹ್ಯಾಂಡಲ್ ದಾಟಿತೆಂದರೆ ಬೈಕ್ ದಾಟಿದಂತೆಯೇ ಎಂಬುದು ಮೈಗೆ ಅಂಟಿದ ಅಭ್ಯಾಸ. ಪೆಟ್ಟಿಗೆ ಕಟ್ಟಿದ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ಅತಿ ಅಗಲವಾದ ಭಾಗ ಬೆನ್ನ ಹಿಂದೆ, ಕಣ್ಣಿಗೆ ಬೀಳದ ಕಡೆ ಇರುತ್ತದೆ. ಬಹಳಷ್ಟು ಬೈಕುಗಳಲ್ಲಿ ಸೈಲೆನ್ಸರ್ ಇರುವ ಬದಿಯ ಪೆಟ್ಟಿಗೆ ಇನ್ನೊಂದಕ್ಕಿಂತ ಹೆಚ್ಚು ಹೊರಚಾಚಿಕೊಂಡಿರುತ್ತದೆ. ತಿರುವಿನಲ್ಲಿ ಹಿಂಚಕ್ರ ಮುಂಚಕ್ರಕ್ಕಿಂತ ಒಳಗಿನಿಂದ ಹಾಯುವುದರಿಂದ ಮೂಲೆಯ ಕಲ್ಲುಕಂಬಕ್ಕೆ ತಾಗುವುದೂ ಪೆಟ್ಟಿಗೆಯೇ. ಆದ್ದರಿಂದ ಹೊರಡುವ ಮುನ್ನ ಖಾಲಿ ಬಯಲಿನಲ್ಲಿ ಎರಡು ಡಬ್ಬಿಗಳನ್ನಿಟ್ಟು, ನಡಿಗೆಯ ವೇಗದಲ್ಲಿ ಅವುಗಳ ನಡುವೆ ಹಾಯುತ್ತೇನೆ. ಪ್ರತಿ ಸಲವೂ ಡಬ್ಬಿಗಳನ್ನು ತುಸು ಹತ್ತಿರಕ್ಕೆ ತರುತ್ತೇನೆ. ಒಂದು ಡಬ್ಬಿ ಉರುಳಿದರೆ ನನ್ನ ಅಗಲ ಎಷ್ಟೆಂಬುದು ತಿಳಿಯಿತು.

ಎರಡನೆಯದು ತೂಕ. ಖಾಲಿ ಅಲ್ಯೂಮಿನಿಯಂ ಪೆಟ್ಟಿಗೆಯೇ ತಲಾ ಐದು ಕಿಲೋ ಆಸುಪಾಸು, ಅದನ್ನು ಹಿಡಿಯುವ ಕಂಬಿಗಳ ತೂಕ ಬೇರೆ. ಒಂದು ಅಂಗಿ ಇಡುವ ಮೊದಲೇ ಬೈಕ್ ಅಷ್ಟು ಹೊತ್ತಾಯಿತು. ಒಂದು ಬದಿಗೆ ಸುಮಾರು 10 ಕಿಲೋ ಮಿತಿ ಎಂದು ಅನೇಕ ತಯಾರಕರು ಬರೆದಿರುತ್ತಾರೆ. ಕೆಲವರು ಗಂಟೆಗೆ 120 ಕಿ.ಮೀ. ಮೀರಬೇಡಿ ಎಂಬ ಚೀಟಿಯನ್ನೂ ಒಳಗೆ ಅಂಟಿಸಿರುತ್ತಾರೆ. ಅದನ್ನು ಕಾಟಾಚಾರದ ಎಚ್ಚರಿಕೆ ಎಂದುಕೊಳ್ಳಬಾರದು. ಹಿಂದೆ ಭಾರ ತೂಗಿದಷ್ಟೂ ಏತದಂತೆ ಮುಂಭಾಗ ಹಗುರಾಗುತ್ತದೆ. ಮೇಲಿಂದ ಪೆಟ್ಟಿಗೆಗಳು ಗಾಳಿಯನ್ನು ತಡೆಯುತ್ತವೆ. ವೇಗ ಏರಿದಂತೆ ಬೈಕ್ ಎಡಬಲಕ್ಕೆ ತೂಗಾಡತೊಡಗುತ್ತದೆ. ಆಗ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದರೆ ತೂಗಾಟ ಹೆಚ್ಚುತ್ತದೆ. ನಾನು ಕೈ ಸಡಿಲಿಸಿ, ನಿಧಾನವಾಗಿ ಆಕ್ಸಿಲರೇಟರ್ ಇಳಿಸುತ್ತೇನೆ.

ತುಂಬುವಾಗ ಸ್ಪ್ಯಾನರ್, ಬಿಡಿಭಾಗಗಳೆಲ್ಲ ಪೆಟ್ಟಿಗೆಯ ತಳದಲ್ಲಿ, ಸೀಟಿಗೆ ಹತ್ತಿರವಾಗಿ. ನಂತರ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಬಿಗಿ ಮಾಡಿ, ಟೈರಿಗೆ ಪೂರ್ಣ ಭಾರಕ್ಕೆ ಹೇಳಿರುವಷ್ಟು ಗಾಳಿ ಹಾಕಿ, ಹೆಡ್‌ಲೈಟನ್ನು ತುಸು ತಗ್ಗಿಸುತ್ತೇನೆ. ಹಿಂಭಾಗ ಕುಸಿದರೆ ಬೆಳಕು ಎದುರು ಬರುವವರ ಕಣ್ಣಿಗೇ ಹೊಡೆಯುತ್ತದೆ. ಬಟ್ಟೆಗಳನ್ನು ಮಾತ್ರ ಒಳಚೀಲದಲ್ಲಿಡಲೇಬೇಕು. ಬರಿಯ ಅಲ್ಯೂಮಿನಿಯಂಗೆ ಉಜ್ಜಿ ಉಜ್ಜಿ ಬಿಳಿ ಬಟ್ಟೆಯ ಮೇಲೆ ಸೀಸದ ಕಡ್ಡಿ ಎಳೆದಂಥ ಕಪ್ಪು ಗೀರುಗಳು ಮೂಡುತ್ತವೆ, ಒಗೆದರೂ ಸುಲಭವಾಗಿ ಬಿಡುವುದಿಲ್ಲ.

ಕಲ್ಲು, ಕೆಸರು, ಮರಳಿನ ದಾರಿಗೆ ನಾನು ಪೆಟ್ಟಿಗೆ ಒಯ್ಯುವುದೇ ಇಲ್ಲ. ಜಾರಿದಾಗ ಕಾಲು ಕೆಳಗೂರುವುದು ಸಹಜ. ಬೈಕ್ ಮುಂದೆ ಸಾಗುತ್ತಿರುತ್ತದೆ, ಹಿಂದಿನಿಂದ ಬರುವ ಪೆಟ್ಟಿಗೆಯ ಅಂಚು ಮೀನಖಂಡವನ್ನು ಒತ್ತಿ ಕಾಲನ್ನು ನೆಲಕ್ಕೆ ಸಿಕ್ಕಿಸುತ್ತದೆ. ಮೂಳೆ ಮುರಿಯಲು ಹೆಚ್ಚಿನ ವೇಗವೇನೂ ಬೇಕಿಲ್ಲ. ಅದೇ ಪೆಟ್ಟಿಗೆ ನಿಂತಲ್ಲೇ ವಾಲಿದ ಬೈಕನ್ನು ಪೂರ್ತಿ ಮಲಗಲು ಬಿಡದೆ ತಡೆಯುತ್ತದೆ, ಎತ್ತುವುದು ಸುಲಭವಾಗುತ್ತದೆ ಎಂಬುದನ್ನೂ ಹೇಳಬೇಕು.

ಇಂಥ ದಾರಿಗೆ ನನ್ನದು ಬಾಯಿ ಸುರುಳಿ ಸುತ್ತುವ ಜಲನಿರೋಧಕ ಚೀಲ. ಕನಿಷ್ಠ ಮೂರು ಸುತ್ತು ಸುತ್ತದಿದ್ದರೆ ನೀರು ಒಳಗೆ ಬರುತ್ತದೆ. ಸೈಲೆನ್ಸರಿಗೆ ತಾಗಿದರೆ ಕರಗುತ್ತದೆ, ಪಟ್ಟಿಯ ತುದಿ ಜೋತುಬಿದ್ದರೆ ಚೈನಿಗೆ ಸಿಕ್ಕಿಕೊಳ್ಳುತ್ತದೆ. ಬೀಗವಂತೂ ಇಲ್ಲ, ಬೈಕ್ ನಿಲ್ಲಿಸಿ ಆಚೀಚೆ ಸುತ್ತಾಡುವವರಿಗೆ ಇದೇ ದೊಡ್ಡ ತಲೆನೋವು. ಆ ನೆಮ್ಮದಿಯೊಂದರಲ್ಲಿ ಪೆಟ್ಟಿಗೆಗೆ ಸಾಟಿಯಿಲ್ಲ.

ಊರೊಳಗಿನ ಓಡಾಟಕ್ಕೆ ಬದಿಯ ಕಂಬಿಗಳನ್ನೂ ಬಿಚ್ಚುತ್ತೇನೆ, ಸ್ಪ್ರಿಂಗನ್ನು ಮತ್ತೆ ಸಡಿಲಿಸುತ್ತೇನೆ, ಇಲ್ಲವಾದರೆ ಹಿಂಚಕ್ರ ಪ್ರತಿ ಉಬ್ಬಿನಲ್ಲೂ ಕುಪ್ಪಳಿಸುತ್ತದೆ. ಸೀಟಿನ ಹಿಂದೆ, ಎತ್ತರದಲ್ಲಿ ಕೂರುವ ಸಣ್ಣ ಟಾಪ್ ಬಾಕ್ಸ್ ಮಾತ್ರ ಉಳಿಯುತ್ತದೆ. ಭಾರ ಹೊರಲು ಅದಕ್ಕಿಂತ ಕೆಟ್ಟ ಜಾಗ ಬೈಕಿನಲ್ಲಿಲ್ಲ, ಹಾಗಾಗಿ ಅದರಲ್ಲಿ ಮಳೆ ಅಂಗಿ, ನಿಲ್ಲಿಸಿದಾಗ ಹೆಲ್ಮೆಟ್, ಅಷ್ಟೇ.