ಆ ಪುಡಿ ಯಾವುದರದ್ದು ಡಾಕ್ಟ್ರೇ?

ನನ್ನ ರೋಗಿಯೊಬ್ಬರು ಮೇಲಿನ ದವಡೆ ಹಲ್ಲು ಕೀಳಿಸಿ ಎಂಟು ವರ್ಷ ಆಗಿತ್ತು. ಸಿಬಿಸಿಟಿ ಸ್ಕ್ಯಾನ್‌ನಲ್ಲಿ (ದವಡೆಯ 3ಡಿ ಎಕ್ಸ್‌ರೇ) ಸೈನಸ್, ಅಂದರೆ ಮೇಲಿನ ಹಲ್ಲುಗಳ ಮೇಲಿರುವ ಗಾಳಿಯ ಪೊಳ್ಳಿನ ಕೆಳಗೆ ಉಳಿದಿದ್ದ ಮೂಳೆ ಬರೀ 3 ಮಿ.ಮೀ. ಇಂಪ್ಲಾಂಟ್ (ಕೃತಕ ಹಲ್ಲಿಗೆ ಬೇರಿನಂತೆ ಮೂಳೆಗೆ ಕೂರಿಸುವ ಸ್ಕ್ರೂ) ನಿಲ್ಲಲು ಅಷ್ಟು ಸಾಲದು. ಪಕ್ಕದಿಂದ ಕಿಟಕಿ ತೆರೆದು, ಸೈನಸ್ಸಿನ ಪೊರೆ ಮೇಲಕ್ಕೆತ್ತಿ, ಆ ಜಾಗಕ್ಕೆ ಮೂಳೆ ಪುಡಿ ತುಂಬಬೇಕು ಅಂತ ಚಿತ್ರ ಬರೆದು ಹೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: "ಆ ಪುಡಿ ಯಾವುದರದ್ದು ಡಾಕ್ಟ್ರೇ?"

ನಾನು ಜಾಸ್ತಿ ಬಳಸುತ್ತಿದ್ದದ್ದು ದನದ ಮೂಳೆಯಿಂದ ಮಾಡುವ ಬಯೋ-ಆಸ್. ಪ್ರೋಟೀನ್ ತೆಗೆದು ಖನಿಜ ಮಾತ್ರ ಉಳಿಸಿರುತ್ತಾರೆ. ತುಂಬಾ ನಿಧಾನವಾಗಿ ಕರಗುತ್ತದೆ, ಹಾಗಾಗಿ ಎತ್ತಿದ ಜಾಗ ಕುಸಿಯುವುದಿಲ್ಲ. ಸೈನಸ್‌ಗೆ ಅದು ಒಳ್ಳೆಯದೇ ಅಂತ ಈಗಲೂ ಹೇಳುತ್ತೇನೆ. ಆದರೆ ಅವರದ್ದು ಮೊಟ್ಟೆಯೂ ತರದ ಮನೆ. ಅವರು ಕೇಳುವ ಮೊದಲೇ ನಾನು ಹೇಳಬೇಕಿತ್ತು, ಅಲ್ವಾ? ತೀರಿಕೊಂಡ ದಾನಿಗಳ ಮೂಳೆಯೂ ಬೇಡ ಅಂದರು.

ಕೊನೆಗೆ ಸಿಂಥೆಟಿಕ್, ಅಂದರೆ ಲ್ಯಾಬಿನಲ್ಲಿ ಮಾಡಿದ ಎರಡು ಕ್ಯಾಲ್ಸಿಯಂ ಫಾಸ್ಫೇಟ್‌ಗಳ ಪುಡಿ ಆರಿಸಿದೆವು: ಹೈಡ್ರಾಕ್ಸಿಅಪಟೈಟ್ 60 ಭಾಗ, ಬೀಟಾ ಟಿಸಿಪಿ 40 ಭಾಗ. ಮೊದಲನೆಯದು ಜಾಗ ಹಿಡಿದಿಡುತ್ತದೆ, ಎರಡನೆಯದು ಬೇಗ ಕರಗಿ ಹೊಸ ಮೂಳೆಗೆ ದಾರಿ ಬಿಡುತ್ತದೆ. ಇದರಲ್ಲಿ ಜೀವಕೋಶ ಇರುವುದಿಲ್ಲ, ಅದಕ್ಕೆ ಕಿಟಕಿಯ ಜಾಗದಲ್ಲಿ ಸ್ಕ್ರೇಪರ್‌ನಿಂದ ಹೆರೆದ ಅವರದ್ದೇ ಮೂಳೆಯನ್ನು ಬೆರೆಸಿದೆ. ಆಪರೇಷನ್‌ಗೆ ಎರಡು ದಿನ ಇದ್ದಾಗ ಇನ್ನೊಂದು ಹೊಳೆಯಿತು. ಕಿಟಕಿ ಮುಚ್ಚುವ ನನ್ನ ಕೊಲಾಜನ್ ಹಾಳೆ ಹಂದಿಯದು! ಅದನ್ನೂ ಬಿಟ್ಟು, ಅವರ ರಕ್ತವನ್ನೇ ನಿಮಿಷಕ್ಕೆ 2700 ಸುತ್ತಿನಂತೆ 12 ನಿಮಿಷ ತಿರುಗಿಸಿ ಪಿಆರ್‌ಎಫ್ (ರಕ್ತದ ಫೈಬ್ರಿನ್‌ನಿಂದಾಗುವ ಹಾಳೆ) ಮಾಡಿಕೊಂಡೆ.

ಅದು ಕೈ ಹಿಡಿಯಿತು. ಸೈನಸ್ ಒಳಗೆ ಸಣ್ಣ ಅಡ್ಡಗೋಡೆ ಇದ್ದ ಕಡೆ ಪೊರೆ 2 ಮಿ.ಮೀ. ಹರಿಯಿತು. ಸುಮ್ನೆ ಪುಡಿ ತುಂಬಿದ್ದರೆ ಸೈನಸ್ಸಿಗೆ ನುಗ್ಗಿ ಸೋಂಕಾಗುವ ಭಯ. ಸುತ್ತಲಿನ ಪೊರೆಯನ್ನು ಇನ್ನಷ್ಟು ಬಿಡಿಸಿದೆ, ಅದು ಸಡಿಲವಾಗಿ ತೂತು ತಾನೇ ಮಡಚಿಕೊಂಡಿತು, ಮೇಲೆ ಪಿಆರ್‌ಎಫ್ ಎರಡು ಪದರ ಇಟ್ಟೆ. ಹರಿದದ್ದು ದೊಡ್ಡದಾಗಿದ್ದರೆ ಅವತ್ತಿಗೆ ಹೊಲಿದು ನಿಲ್ಲಿಸುತ್ತಿದ್ದೆ. ಪುಡಿಯನ್ನು ಒತ್ತಿ ಗಿಡಿಯಲಿಲ್ಲ, ರಕ್ತನಾಳ ಬೆಳೆಯಲು ಕಾಳುಗಳ ನಡುವೆ ಸಂದು ಬೇಕು.

ಎರಡು ವಾರ ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು ಅಂತ ಹೇಳಿ ಕಳಿಸಿದೆ. ಎಂಟು ತಿಂಗಳ ಮೇಲೆ ಡ್ರಿಲ್ ಇಟ್ಟಾಗ ಮೂಳೆ ಗಟ್ಟಿಯಾಗಿ ತಡೆಯಿತು. ಇಂಪ್ಲಾಂಟ್ ಅಲುಗದೆ ಕೂತಿತು.

ಈಗ ನನ್ನ ಒಪ್ಪಿಗೆ ಪತ್ರದಲ್ಲಿ ಬರೀ 'ಬೋನ್ ಗ್ರಾಫ್ಟ್' ಅಂತ ಇಲ್ಲ. ನಿಮ್ಮದೇ ಮೂಳೆ, ದಾನಿಯದು, ಪ್ರಾಣಿಯದು, ಸಿಂಥೆಟಿಕ್ ಅಂತ ಬಿಡಿಸಿ ಕನ್ನಡದಲ್ಲೇ ಬರೆಸಿದ್ದೇನೆ. ಮುಚ್ಚುವ ಹಾಳೆಗೆ ಬೇರೆ ಸಾಲು.