ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ನನ್ನ ನೋವಿನ ಲೆಕ್ಕ

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮನಸ್ಸು ಒಮ್ಮೆ ವಿಪರೀತ ಏರಿ, ಇನ್ನೊಮ್ಮೆ ಕುಗ್ಗಿಹೋಗುವ ಬೈಪೋಲಾರ್ ಕಾಯಿಲೆಗೆ 9 ವರ್ಷದಿಂದ ಲಿಥಿಯಂ ಮಾತ್ರೆ ನುಂಗುತ್ತಿದ್ದೇನೆ. ಈ ಮಾತ್ರೆ ನನ್ನ ಸಂಸಾರ ಉಳಿಸಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ವರ್ಷ ಮಳೆಗಾಲದಲ್ಲಿ ಮೈಕೈ ನೋವು ಶುರುವಾಯಿತು. ಬೆಳಿಗ್ಗೆ ಎದ್ದರೆ ಎರಡೂ ಕೈ ಬಿಗಿದುಕೊಂಡಿರುತ್ತಿದ್ದವು. ಹೆಗಲು, ತೊಡೆ ಎಲ್ಲ ಹಿಂಡಿ ಹಾಕಿದ ಹಾಗೆ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಕೈ ಕೊಡವಿಕೊಂಡು ಮತ್ತೆ ಮಲಗುತ್ತಿದ್ದೆ.

ಹೊಲಿಗೆಯವರಿಗೆ ಇದೆಲ್ಲ ಇದ್ದದ್ದೇ ಅಂತ ಅಕ್ಕಪಕ್ಕದವರು ಹೇಳಿದರು. ಅತ್ತೆ ಮಾತ್ರ, "ಆ ಮಾತ್ರೆಯಿಂದಲೇ ಕಣಮ್ಮಾ, ಸ್ವಲ್ಪ ದಿನ ಬಿಟ್ಟು ನೋಡು" ಅಂದರು. ಪಾಪ, ಪ್ರೀತಿಯಿಂದ ಹೇಳಿದ್ದು. ಆದರೆ ಒಂದು ಸಲ ನಾನು ಹಾಗೆ ಬಿಟ್ಟಿದ್ದೆ, ಚೆನ್ನಾಗಿದ್ದೀನಲ್ಲ, ಇನ್ಯಾಕೆ ಮಾತ್ರೆ ಅಂತ. ಒಂದು ತಿಂಗಳೊಳಗೆ ನಿದ್ದೆ ಹೋಯಿತು. ರಾತ್ರಿ ಮೂರು ಗಂಟೆಗೆ ಮೆಷಿನ್ ತುಳಿಯುತ್ತಾ ಕೂತಿರುತ್ತಿದ್ದೆ. ಸಾಲ ಮಾಡಿ ಥಾನುಗಟ್ಟಲೆ ಲೈನಿಂಗ್ ಬಟ್ಟೆ ತಂದು ಮನೆ ತುಂಬಿಸಿದ್ದೆ. ಕೊನೆಗೆ ಆಸ್ಪತ್ರೆ ಸೇರಬೇಕಾಯಿತು. ಹಾಗಾಗಿ ಈ ಸಲ ಬಿಡುವ ಯೋಚನೆಯನ್ನೇ ಮಾಡಲಿಲ್ಲ.

ಆದರೆ ಇನ್ನೊಂದು ತಪ್ಪು ಮಾಡಿದೆ. ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ತಂದು ದಿನಕ್ಕೆ ಎರಡು ಹೊತ್ತು ನುಂಗಿದೆ. ಲಿಥಿಯಂ ತಗೊಳ್ಳುವ ವಿಷಯ ಅಂಗಡಿಯಲ್ಲಿ ಹೇಳಲಿಲ್ಲ. ಹೇಳಲು ಸಂಕೋಚ.

ನೋವು ಸ್ವಲ್ಪ ಇಳಿಯಿತು. ಎಂಟನೇ ದಿನ ಕಿಟಕಿ ಹತ್ತಿರ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದೆ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಎರಡು ಬೆರಳಲ್ಲಿ ಚೂಪು ಮಾಡಿ, ಬೆಳಕಿಗೆ ಹಿಡಿದು ತೂರಿಸುವುದು. ಕಣ್ಣು ಮುಚ್ಚಿ ಮಾಡುವಷ್ಟು ರೂಢಿ ಇದ್ದ ಕೆಲಸ. ಅವತ್ತು ದಾರ ಸೂಜಿಯ ಆ ಪಕ್ಕ ಒಮ್ಮೆ, ಈ ಪಕ್ಕ ಒಮ್ಮೆ ಹೋಯಿತೇ ಹೊರತು ಕಣ್ಣಿನೊಳಗೆ ಹೋಗಲಿಲ್ಲ. ಲಿಥಿಯಂ ಶುರುವಾದಾಗಿಂದ ನನ್ನ ಬೆರಳಲ್ಲಿ ಸಣ್ಣ ನಡುಕ ಇದ್ದೇ ಇದೆ. ಇದು ಆ ನಡುಕ ಅಲ್ಲ. ಮಧ್ಯಾಹ್ನದ ಹೊತ್ತಿಗೆ ವಾಕರಿಕೆ, ಭೇದಿ. ಯಜಮಾನರು ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋದರು.

ರಕ್ತದಲ್ಲಿ ಲಿಥಿಯಂ 1.4 ಬಂತು. ನನ್ನದು ಯಾವಾಗಲೂ 0.7ರ ಆಸುಪಾಸು ಇರುತ್ತಿತ್ತು. ಡಾಕ್ಟರು ನೋವಿನ ಮಾತ್ರೆಯನ್ನು ಅಲ್ಲೇ ನಿಲ್ಲಿಸಿ, ಲಿಥಿಯಂ ಹೇಗೆ ತಗೊಳ್ಳಬೇಕು ಅಂತ ಹೊಸದಾಗಿ ಬರೆದುಕೊಟ್ಟರು. ಕಾರಣವನ್ನೂ ಬಿಡಿಸಿ ಹೇಳಿದರು. ಲಿಥಿಯಂ ಒಂದು ಥರ ಉಪ್ಪು, ಮೈಯಿಂದ ಅದನ್ನು ಹೊರಗೆ ಹಾಕುವುದು ಕಿಡ್ನಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ಕಿಡ್ನಿಯ ಈ ಕೆಲಸಕ್ಕೆ ಅಡ್ಡಿ ಮಾಡುತ್ತವೆ, ಲಿಥಿಯಂ ಒಳಗೇ ಉಳಿದುಬಿಡುತ್ತದೆ. ನೀರು ಕುಡಿಯದೆ ಉಪವಾಸ ಮಾಡಿದರೂ, ಊಟದಲ್ಲಿ ಉಪ್ಪನ್ನು ಒಮ್ಮೆಗೇ ಕಡಿಮೆ ಮಾಡಿದರೂ ಹೀಗೇ ಆಗಬಹುದಂತೆ. ಶಿವರಾತ್ರಿಗೆ ನಾನು ನೀರೂ ಮುಟ್ಟದೆ ಇರುತ್ತಿದ್ದೆ, ಈಗ ಬಿಟ್ಟಿದ್ದೇನೆ. ನೋವಿಗೆ ಬೇಕೇ ಬೇಕಾದರೆ ಪ್ಯಾರಾಸಿಟಮಾಲ್ ಸಾಕು ಅಂದರು.

ಲೆವೆಲ್ ಇಳಿಯಿತು, ನಡುಕ ಇಳಿಯಿತು. ನೋವು ಮಾತ್ರ ವಾಪಸ್ ಬಂತು.

ಆಗ ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯಲು ಶುರು ಮಾಡಿದೆ. ಯಾರದ್ದಾದರೂ ತೋಳು ಎಷ್ಟು ಇಂಚು ಅಂತ ಕೇಳಿದರೆ ಪುಸ್ತಕ ನೋಡದೆ ಹೇಳುವವಳಲ್ಲ ನಾನು. ನನ್ನ ನೋವನ್ನು ಮಾತ್ರ ಬಾಯಿಮಾತಲ್ಲಿ "ಜಾಸ್ತಿ ಇದೆ ಡಾಕ್ಟ್ರೇ" ಅಂತ ಹೇಳುತ್ತಿದ್ದೆ. ಅವರಿಗಾದರೂ ಏನು ಗೊತ್ತಾಗಬೇಕು? ತಾರೀಖು ಹಾಕಿ, ಎಲ್ಲಿ ನೋವು, ಬೆಳಿಗ್ಗೆಯೋ ಸಂಜೆಯೋ, ಹತ್ತಕ್ಕೆ ಎಷ್ಟು, ಅವತ್ತು ಎಷ್ಟು ಬ್ಲೌಸ್ ಹೊಲಿದೆ, ನಿದ್ದೆ ಹೇಗಿತ್ತು, ಮನಸ್ಸು ಹೇಗಿತ್ತು, ಎಲ್ಲ ಬರೆದೆ. ಮನಸ್ಸಿನದು ಯಾಕೆಂದರೆ, ಮನಸ್ಸು ಕುಗ್ಗಿದಾಗಲೂ ನನಗೆ ಮೈಯೆಲ್ಲ ನೋಯುತ್ತದೆ.

ಐದು ವಾರ ಬರೆದ ಮೇಲೆ ಒಂದು ಸಂಜೆ ಕೂತು ಓದಿದೆ. ಸೊಂಟ ನೋವು ಬ್ಲೌಸಿನ ಲೆಕ್ಕದ ಜೊತೆಗೇ ಏರಿಳಿಯುತ್ತಿತ್ತು, ಅದು ಮೆಷಿನ್ನಿನದು. ಕೈ, ಹೆಗಲು, ತೊಡೆಯ ನೋವು ಹಾಗಿರಲಿಲ್ಲ. ತಂಗಿ ಮನೆಗೆ ಹೋಗಿ ನಾಲ್ಕು ದಿನ ಸೂಜಿ ಮುಟ್ಟದೆ ಇದ್ದಾಗಲೂ ಬೆಳಿಗ್ಗೆ ಅಷ್ಟೇ ಇತ್ತು. ಮನಸ್ಸು ಚೆನ್ನಾಗಿದ್ದ ದಿನವೂ ಇತ್ತು. ಜೊತೆಗೆ ಅಲ್ಲಲ್ಲಿ ಸುಮ್ನೆ ಬರೆದಿಟ್ಟ ಮಾತುಗಳು: ಚಳಿ ತಡೆಯಲಾಗಲಿಲ್ಲ, ಮಲಬದ್ಧತೆ, ಬ್ಲೌಸು ಬಿಗಿಯಾಗುತ್ತಿದೆ.

ಡಾಕ್ಟರು ಆ ಪುಟಗಳನ್ನು ಪೂರ್ತಿ ಓದಿದರು. ನನ್ನ ಕತ್ತು ಮುಟ್ಟಿ ನೋಡಿದರು. ಥೈರಾಯ್ಡ್, ಕ್ಯಾಲ್ಸಿಯಂ, ಕಿಡ್ನಿ ಪರೀಕ್ಷೆ ಬರೆದರು. ಕಿಡ್ನಿ, ಕ್ಯಾಲ್ಸಿಯಂ ಸರಿಯಿದ್ದವು. ಥೈರಾಯ್ಡ್ ನಿಧಾನವಾದಷ್ಟೂ ರಕ್ತದಲ್ಲಿ ಏರುವ ಟಿಎಸ್‌ಎಚ್ 4ರ ಆಸುಪಾಸಿನೊಳಗೆ ಇರಬೇಕಾದದ್ದು ನನಗೆ 22 ಇತ್ತು. ಲಿಥಿಯಂ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯನ್ನು ನಿಧಾನ ಮಾಡುತ್ತದೆ, ಹೆಂಗಸರಲ್ಲಿ ಜಾಸ್ತಿ. ಅದು ನಿಧಾನವಾದರೆ ಮಾಂಸಖಂಡ ನೋಯುತ್ತದೆ, ಬಿಗಿಯುತ್ತದೆ, ಮಣಿಕಟ್ಟಿನ ನರ ಒತ್ತಿಕೊಂಡು ಬೆರಳು ಜೋಮು ಹಿಡಿಯುತ್ತದೆ. ಅಂದರೆ ಅತ್ತೆ ಹೇಳಿದ್ದು ಅರ್ಧ ನಿಜ! ನೋವು ಮಾತ್ರೆಯಿಂದಲೇ ಬಂದಿತ್ತು, ಆದರೆ ಮಾತ್ರೆ ಬಿಡಬೇಕಾಗಿರಲಿಲ್ಲ. ಲಿಥಿಯಂ ತಗೊಳ್ಳುವವರಿಗೆ ಆರು ತಿಂಗಳಿಗೊಮ್ಮೆ ಈ ಪರೀಕ್ಷೆಗಳು ಆಗಬೇಕಂತೆ. ನಾನು ಎರಡು ವರ್ಷ ತಪ್ಪಿಸಿಕೊಂಡಿದ್ದೆ.

ಈಗ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆ. ಅರ್ಧ ಗಂಟೆ ಆದಮೇಲೇ ಕಾಫಿ. ರಾತ್ರಿ ಎಂದಿನ ಲಿಥಿಯಂ. ಲೆವೆಲ್ ನೋಡಲು ರಕ್ತ ಕೊಡುವುದು ಹಿಂದಿನ ರಾತ್ರಿಯ ಮಾತ್ರೆಗೆ ಸರಿಯಾಗಿ 12 ಗಂಟೆ ಆದಮೇಲೆ. ಮುಂಚೆ ಕೊಟ್ಟರೆ ಲೆಕ್ಕ ತಪ್ಪುತ್ತದೆ.

ಆಸ್ಪತ್ರೆಯ ಬೆಂಚಿನಲ್ಲಿ ಜೊತೆಗೆ ಕೂರುವವರಿಗೆ ನಾನೊಂದು ಮಾತು ಹೇಳುತ್ತಿರುತ್ತೇನೆ. ಎಲ್ಲ ನೋವನ್ನೂ ನನ್ನ ಹಾಗೆ ಐದು ವಾರ ಬರೆಯುತ್ತಾ ಕೂರಬೇಡಿ. ಇದೇ ಕಾಯಿಲೆಗೆ ಬೇರೆ ಮಾತ್ರೆಗಳೂ ಇವೆ. ವಾಲ್‌ಪ್ರೊಯೇಟ್ ತಗೊಳ್ಳುವವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು, ವಾಂತಿ ಬಂದರೆ ಅದು ಮೇದೋಜೀರಕ ಗ್ರಂಥಿಯ ಊತ ಇರಬಹುದು, ಅವತ್ತೇ ಓಡಬೇಕು. ಲ್ಯಾಮೋಟ್ರಿಜಿನ್‌ನವರಿಗೆ ಮೈಮೇಲೆ ಗುಳ್ಳೆ, ಜ್ವರ, ಬಾಯಿ ಹುಣ್ಣು ಬಂದರೂ ಅಷ್ಟೇ.

ಆರು ವಾರಕ್ಕೆ ನನ್ನ ಟಿಎಸ್‌ಎಚ್ 9ಕ್ಕೆ ಇಳಿಯಿತು, ಡೋಸ್ ಸ್ವಲ್ಪ ಏರಿಸಿದರು. ಮೂರನೇ ತಿಂಗಳ ಪುಟದಲ್ಲಿ ಹೆಗಲಿಗೆ 2, ತೊಡೆಗೆ 1 ಅಂತ ಇದೆ. ಎಡಗೈ ಜೋಮು ಇನ್ನೂ ವಾರಕ್ಕೊಂದು ರಾತ್ರಿ ಎಬ್ಬಿಸುತ್ತದೆ, ಅದನ್ನೂ ಬರೆಯುತ್ತಿದ್ದೇನೆ. ನಿನ್ನೆ ಒಂದು ರೇಷ್ಮೆ ಬ್ಲೌಸಿಗೆ ಕೈಯಲ್ಲೇ ಹೆಮ್ಮಿಂಗ್ ಮಾಡಿ ಹುಕ್ಸ್ ಹಾಕಿದೆ. ದಾರ ಎರಡನೇ ಸಲಕ್ಕೆ ಹೋಯಿತು.